ಕೊತ್ವಾಲನ ಹಳೆಯ ಗುಹೆ

ಮಹಾರಾಣಿಯ ರೆಕ್ಕೆ ಹರಿದ ದಿನ ಕೊತ್ವಾಲನಿಗೆ ಗಡೀಪಾರಾಯಿತು.

ಮಹಾರಾಣಿಯೆಂದರೆ ನಮ್ಮ ಹಜಾರದ ಉಪ್ಪುನೀರಿನ ತೊಟ್ಟಿಯಲ್ಲಿರುವ ಲಯನ್ ಮೀನು. ಮೈತುಂಬ ಮುಳ್ಳಿನ ಸೆರಗು ಹರಡಿಕೊಂಡು, ಯಾರಿಗೂ ದಾರಿ ಬಿಡದೆ ತೇಲುವವಳು. ಕೊತ್ವಾಲ ಅಂಗೈಯಗಲದ ಟ್ರಿಗರ್ ಮೀನು. ಕಪ್ಪು ಮೈಮೇಲೆ ಬಿಳಿ ಬೊಟ್ಟು, ಚಿಪ್ಪು ಒಡೆಯುವಂಥ ಹಲ್ಲು. ಅವನನ್ನು ಮರಿಯಿಂದ ಸಾಕಿದವನು ನನ್ನ ಗಂಡ. ಹಡಗಿನ ಎಂಜಿನ್ ನೋಡಿಕೊಳ್ಳುವ ಕೆಲಸ ಅವನದು. ಒಮ್ಮೆ ಹೊರಟರೆ ಋತು ಬದಲಾದ ಮೇಲೆಯೇ ಮನೆ. ಅವನಿಲ್ಲದಾಗ ಕೊತ್ವಾಲ ಹೀಗೆ ಮಹಾರಾಣಿಯನ್ನು ಕಚ್ಚಿ ಪುಂಡಾಟ ಮಾಡಿದ. ನಾನು ಮೀನಂಗಡಿಯಕ್ಕನ ಬಳಿಗೆ ಓಡಿದೆ.

"ಅವನನ್ನ ಹೊರಗೆ ಹಾಕಮ್ಮ," ಎಂದಳು ಆಕೆ. "ಒಂದಷ್ಟು ದಿನ ಟಬ್ಬಲ್ಲಿರ್ಲಿ. ಅವನ ಜಾಗ ಉಳಿದೋರು ಹಂಚ್ಕೋತಾರೆ. ಆಮೇಲೆ ಬಿಟ್ರೆ ಹೊಸಬನ ಥರ ಬಾಲ ಮುದುರ್ಕೊಂಡು ಇರ್ತಾನೆ. ಆದ್ರೆ ಬಿಡೋ ಮುಂಚೆ ಒಳಗಿನ ಕಲ್ಲೆಲ್ಲ ತಿರುವಿ ಹಾಕ್ಬೇಕು, ಮರೀಬೇಡ. ಯಾವ ಮೂಲೆ ಯಾರದು ಅಂತ ಯಾರಿಗೂ ಗೊತ್ತಾಗ್ಬಾರ್ದು. ಎಲ್ರೂ ಹೊಸಬರಾದ್ರೆ ಜಗಳ ಕಡಿಮೆ."

ಕೊತ್ವಾಲ ಬಚ್ಚಲುಮನೆಯ ಟಬ್ಬಿಗೆ ಹೋದ. ತೊಟ್ಟಿಯ ಕಲ್ಲುಗಳ ನಡುವಿನ ಅವನ ಗುಹೆಗೆ ಸೋದರತ್ತೆ ಬಂದು ಸೇರಿದಳು. ಬಾಲದ ಬುಡದಲ್ಲಿ ಚಾಕುವಿನಂಥ ಮುಳ್ಳು ಇಟ್ಟುಕೊಂಡೇ ಓಡಾಡುವ ಪಟ್ಟೆಪಟ್ಟೆಯ ಸರ್ಜನ್ ಮೀನಿಗೆ ಬೇರೆ ಹೆಸರು ನನಗೆ ಹೊಳೆದಿರಲಿಲ್ಲ.

ಗಂಡ ಬಂದ. ಚೀಲ ಕೆಳಗಿಡುತ್ತಲೇ, "ಇನ್ನು ಹೋಗೋದು ಬೇಡ ಅನ್ಸುತ್ತೆ," ಎಂದ. ಆ ಮಾತನ್ನು ನಾನು ಮಡಿಲಲ್ಲಿ ಕಟ್ಟಿಕೊಂಡು ಓಡಾಡಿದೆ. ಸ್ವಲ್ಪ ದಿನಕ್ಕೇ ಕಂಪನಿಯಿಂದ ಫೋನು ಬಂತು: ಇನ್ನೊಂದು ಹಡಗಿದೆ, ಬರುತ್ತೀರೋ ಇಲ್ಲವೋ ಬೇಗ ತಿಳಿಸಿ. "ನೋಡ್ತೀನಿ," ಎಂದು ಇಟ್ಟ.

ಅವನು ದೀಪ ಹಾಕಲು ಹೋಗಿ ಫ್ಯಾನ್ ಹಾಕುತ್ತಿದ್ದ. ಸಕ್ಕರೆ ಡಬ್ಬಿಗಾಗಿ ಅಡುಗೆಮನೆಯ ಬಾಗಿಲುಗಳನ್ನೆಲ್ಲ ತೆರೆದು ಮುಚ್ಚುತ್ತಿದ್ದ. ಹಾಸಿಗೆಯ ನಡುವೆ ಮಲಗುವುದು ನನಗೆ ರೂಢಿಯಾಗಿ, ಅವನು ಅಂಚಿನಲ್ಲಿ ಒಂದೇ ಮಗ್ಗುಲಾಗಿ ಮಲಗುತ್ತಿದ್ದ.

"ನನ್ನ ಬಟ್ಟೆ ಎಲ್ಲಿಡ್ಲಿ?"

"ಕೆಳಗಿನ ಖಾನೆ ಖಾಲಿ ಮಾಡಿದೀನಲ್ಲ."

"ಒಂದೇನಾ? ಇರ್ಲಿ, ಹಡಗಲ್ಲಿ ಅರ್ಧ ಕೊಟ್ಟಿದ್ರು."

ನಗಿಸಲೆಂದೇ ಹೇಳಿದ್ದು. ನಾನು ನಕ್ಕಿದ್ದು ಸ್ವಲ್ಪ ತಡವಾಯಿತು.

ಅಜ್ಜಿಯ ಕತೆಗಳಲ್ಲಿ ರಾಕ್ಷಸನ ಜೀವ ಅವನ ಮೈಯಲ್ಲಿರುತ್ತಿರಲಿಲ್ಲ. ಏಳು ಸಮುದ್ರದಾಚೆ ಯಾವುದೋ ಗಿಣಿಯ ಗಂಟಲಲ್ಲಿ ಇರುತ್ತಿತ್ತು. ಅವಳ ತೊಡೆಯ ಮೇಲೆ ತಲೆಯಿಟ್ಟು ಬೆಳೆದವಳಿಗೆ ಇಂಥವು ಸುಲಭವಾಗಿ ಅಂಟಿಕೊಳ್ಳುತ್ತವೆ. ಕೊತ್ವಾಲ ತೊಟ್ಟಿಯಲ್ಲಿ ನೆಲೆ ನಿಂತರೆ ಇವನೂ ಮನೆಯಲ್ಲಿ ನಿಲ್ಲುತ್ತಾನೆ ಎಂದುಕೊಂಡೆ. ಅವನಿಗೆ ಹೇಳಲಿಲ್ಲ.

ಕೊತ್ವಾಲನನ್ನು ಮೊದಲು ಪಾರದರ್ಶಕ ಪೆಟ್ಟಿಗೆಯಲ್ಲಿಟ್ಟು ತೊಟ್ಟಿಯೊಳಗೇ ತೂಗುಹಾಕಿದೆವು. ಒಳಗಿನವರು ಅವನನ್ನು ನೋಡಿ ನೋಡಿ ಬೇಸತ್ತರೆ ಅರ್ಧ ಜಗಳ ಅಲ್ಲೇ ಮುಗಿಯುತ್ತದೆ.

"ಸಂದರ್ಶನಕ್ಕೆ ಕೂರಿಸಿದ ಹಾಗಿದೆ," ಎಂದ ಗಂಡ. "ಅವನ ಮನೆಗೆ ಅವನು ಹೋಗೋಕೆ ಇಷ್ಟೆಲ್ಲ ಬೇಕಾ?"

"ಬೇಕು. ಭಾನುವಾರ ನನಗೆ ರಜ, ಇಬ್ರೂ ಸೇರಿ ಕಲ್ಲು ತಿರುವೋಣ. ಅಲ್ಲೀವರೆಗೂ ಕೈ ಹಾಕ್ಬೇಡ."

"ಅಪ್ಪಣೆ, ಕ್ಯಾಪ್ಟನ್."

ಶುಕ್ರವಾರ ಸಂಜೆ ನಾನು ಕನ್ನಡಕದಂಗಡಿಯ ಕೆಲಸ ಮುಗಿಸಿ ಬಂದಾಗ ಅವನು ತೊಟ್ಟಿಯ ಮುಂದೆ ನೆಲದ ಮೇಲೆ ಕುಳಿತಿದ್ದ. ಅಂಗಿಯ ತೋಳು ಭುಜದವರೆಗೆ ಒದ್ದೆ. ಪೆಟ್ಟಿಗೆ ಖಾಲಿ.

"ಬಿಟ್ಬಿಟ್ಟೆ ಕಣೆ," ಎಂದ. "ಗಾಜಿಗೆ ಮೂತಿ ಉಜ್ಜುತಾ ಇದ್ದ. ನೋಡೋಕಾಗ್ಲಿಲ್ಲ."

"ಕಲ್ಲು?"

"ಅವನಿಗೆ ಗುರುತು ಸಿಗ್ಲಿ ಅಂತ ಹಾಗೇ ಬಿಟ್ಟೆ."

ಗುರುತೇನೋ ಸಿಕ್ಕಿತ್ತು. ಕೊತ್ವಾಲ ನೆಟ್ಟಗೆ ತನ್ನ ಹಳೆಯ ಗುಹೆಗೇ ನುಗ್ಗಿದ್ದ. ಸೋದರತ್ತೆ ತನ್ನ ಮನೆಯ ಬಾಗಿಲಲ್ಲಿ ಅವನನ್ನು ಸೀಳಿದ್ದಳು. ಈಗ ಅವನು ತಳದ ಕಲ್ಲಿನ ಬಿರುಕೊಂದರಲ್ಲಿ ತೂರಿಕೊಂಡಿದ್ದ. ಪಕ್ಕೆಯಲ್ಲಿ ಬಿಳಿ ಗೀರುಗಳು, ಬಾಲ ಎಳೆಎಳೆ. ಹೊರಗೆ ಸೋದರತ್ತೆ ಗಸ್ತು ತಿರುಗುತ್ತಿದ್ದಳು. ಮಹಾರಾಣಿ ತಿರುಗಿಯೂ ನೋಡಲಿಲ್ಲ.

"ಎಳೆದು ನೋಡ್ದೆ, ಬರ್ತಿಲ್ಲ."

"ಎಳೀಬೇಡ. ಬೆನ್ನಿನ ಮುಳ್ಳು ನಿಗುರಿಸಿ ಕೀಲಿ ಹಾಕ್ಕೊಂಡಿದಾನೆ. ಅವನಾಗೇ ತೆಗೆದ್ರೆ ಉಂಟು."

"ಗೊತ್ತು. ಅದನ್ನ ನಿನಗೆ ಹೇಳ್ಕೊಟ್ಟೋನೇ ನಾನು."

ಹೌದಲ್ಲ, ಎಂದುಕೊಂಡೆ. ನನಗೆ ಮರೆತೇ ಹೋಗಿತ್ತು.

ಕಡೆಗೆ ಮೀನಿನ ಸಮೇತ ಕಲ್ಲನ್ನೇ ಎತ್ತಿದೆವು. ಇಬ್ಬರ ಕೈಯೂ ನೀರೊಳಗೆ, ಅವನ ಭುಜ ನನ್ನ ಭುಜಕ್ಕೆ ಒತ್ತಿಕೊಂಡಿತ್ತು. ಅವನು ಬಂದ ಮೇಲೆ ಅಷ್ಟು ಹತ್ತಿರ ನಿಂತದ್ದು ಅದೇ ಮೊದಲು. ಬಕೆಟ್ಟಿನಿಂದ ಟಬ್ಬಿಗೆ ಇಳಿಸಿ ಕಾದೆವು. ಬಹಳ ಹೊತ್ತಿನ ಮೇಲೆ ಬೆನ್ನಿನ ಮುಳ್ಳು ಮೆಲ್ಲಗೆ ಮಡಚಿಕೊಂಡಿತು. ಕೊತ್ವಾಲ ಹೊರಬಂದು ಮೂಲೆಯಲ್ಲಿ ವಾಲಿಕೊಂಡು ನಿಂತ.

"ಬದುಕ್ಕೋತಾನೆ," ಎಂದೆ. "ಗಾಯ ಮಾಯ್ಲಿ, ಕಲ್ಲೆಲ್ಲ ತಿರುವಿ ಇನ್ನೊಂದ್ಸಲ ನೋಡೋಣ."

ಅವನು ಟಬ್ಬನ್ನೇ ನೋಡುತ್ತಿದ್ದ. "ಬೇಡ ಬಿಡು. ಅವರಿಬ್ರೂ ಹೊಂದ್ಕೊಂಡಿದಾರೆ, ಯಾಕೆ ಕೆದಕೋದು. ಇವನಿಗೆ ಬೇರೆ ತೊಟ್ಟಿ ತಂದಿಟ್ಟು ಹೋಗ್ತೀನಿ. ಈ ಟಬ್ಬಿನ ನೀರು ಬದಲಾಯಿಸೋದು ನಿನಗೊಬ್ಬಳಿಗೆ ಕಷ್ಟ."

ಕಂಪನಿಗೆ ಅವನಿನ್ನೂ ಉತ್ತರ ಕೊಟ್ಟಿರಲಿಲ್ಲ. ನನಗೆ ಕೊಟ್ಟುಬಿಟ್ಟಿದ್ದ. ತಾನು ಆಡಿದ್ದು ಅವನ ಕಿವಿಗೂ ಬಿತ್ತೇನೋ, ಸುಮ್ಮನೆ ನಲ್ಲಿ ತಿರುಗಿಸಿ ಕೈ ತೊಳೆಯತೊಡಗಿದ. ಹಾಸಿಗೆ, ಕಪಾಟು, ಅಡುಗೆಮನೆಯ ಡಬ್ಬಿ, ಎಲ್ಲ ಇವತ್ತೇ ಬುಡಮೇಲು ಮಾಡೋಣ, ನನಗೂ ಏನೆಲ್ಲಿದೆ ಅಂತ ಗೊತ್ತಾಗಬಾರದು ಎಂದು ಹೇಳಬೇಕಿತ್ತು.

"ತೀರ ಚಿಕ್ಕದು ತರಬೇಡ," ಎಂದೆ. "ಅವನಿನ್ನೂ ಬೆಳೀತಾನೆ."

"ಸರಿ."

ಹೊಸ ತೊಟ್ಟಿಗೆ ಜಾಗ ಅಳೆಯಲು ಅವನು ಚೀಲದಿಂದ ಅಳತೆಪಟ್ಟಿ ತೆಗೆದು, ಮಲಗುವ ಕೋಣೆಯ ಗೋಡೆಯ ಬಳಿ ಹೋಗಿ, ಒಂದು ತುದಿಯನ್ನು ನನ್ನತ್ತ ಚಾಚಿದ. ನಾನು ಅದನ್ನು ಗೋಡೆಗೆ ಹೆಬ್ಬೆರಳಿನಿಂದ ಒತ್ತಿ ಹಿಡಿದೆ. ಅವನು ಪಟ್ಟಿ ಬಿಚ್ಚುತ್ತ ದೂರ ಹೋಗುತ್ತಿದ್ದ. ಸಾಕು ಎಂದು ಅವನು ಹೇಳುವವರೆಗೂ ನಾನು ಬೆರಳು ತೆಗೆಯಲಿಲ್ಲ.