ನಿನ್ನೆಯ ಹೆಪ್ಪು

ನನಗೊಂದು ಚಿಂತೆ, ಯಾರಿಗೂ ಹೇಳಿಲ್ಲ. ಗಂಭೀರವಾದ ಮಾತಾಡಬೇಕಾದಾಗಲೇ ನನಗೆ ನಗು ಬರುತ್ತದೆ. ಹಾಗಾಗಿ ಲ್ಯಾಬಿನಲ್ಲಿ ಬಾಯಿಯೇ ತೆರೆಯುವುದಿಲ್ಲ. ಬ್ರಾಹ್ಮಿ ಬಲು ಸಭ್ಯಳು ಎಂದುಕೊಂಡಿದ್ದಾರೆ, ಪಾಪ.

ಇವತ್ತು ಲ್ಯಾಬಿನಲ್ಲಿ ಹಬ್ಬ. ಇನ್ಸುಲಿನ್ ದ್ರಾವಣವನ್ನು ಬಿಸಿಯಲ್ಲಿಟ್ಟು ಕುಲುಕುತ್ತಿದ್ದರೆ ಅದರ ಕಣಗಳು ಒಂದಕ್ಕೊಂದು ಅಂಟಿ ಎಳೆಗಳಾಗುತ್ತವೆ. ಮೊದಲು ತಾಸುಗಟ್ಟಲೆ ಏನೂ ಇಲ್ಲ, ಆಮೇಲೆ ಒಮ್ಮೆಲೇ ರಾಶಿ! ಹಳೆಯ ಎಳೆಗಳ ಚೂರು ಬೆರೆಸಿದರಂತೂ ಕಾಯುವ ಮಾತೇ ಇಲ್ಲ, ಕಂಪ್ಯೂಟರಿನಲ್ಲಿ ಎಳೆಗಳನ್ನು ಅಳೆಯುವ ಗೆರೆ ಕೂಡಲೇ ಏರುತ್ತದೆ. ಆ ಚೂರುಗಳಿಗೆ ಅಲಕಾ ಮೇಡಂ ಇಟ್ಟ ಹೆಸರು ಹೆಪ್ಪು. ನಿನ್ನೆ ಬರೀ ಹೆಪ್ಪು ಹಾಕಿದಾಗ ಗೆರೆ ಜಿಗಿದಿತ್ತು. ಇವತ್ತು ಹೆಪ್ಪಿನ ಜೊತೆ ಖಾನಾಪುರ ಕಾಡಿನ ಒಂದು ಎಲೆಯ ರಸ, ಎಳೆ ಕಟ್ಟುವುದನ್ನು ಅದು ತಡೆಯುತ್ತದೋ ನೋಡಲು. ಗೆರೆ ಮಲಗಿಯೇ ಬಿಟ್ಟಿದೆ!

“ನಮ್ಮೂರ ಎಲಿ ಗೆದ್ದತು!” ಎಂದು ಪ್ರತೀಕ ಕುಣಿದ. ಖಾನಾಪುರದಿಂದ ದಿನಾ ರೈಲಿಗೆ ಬರುವ ಹುಡುಗ, ನಮ್ಮಲ್ಲಿಗೆ ಹೊಸಬ. ಮೇಡಂ ಸಿಹಿಗೆಂದು ಕುಂದಾ ತರಿಸಿದರು. ನಾನೂ ತಿಂದು, ತಿರುಗುವ ಸ್ಟೂಲಿನ ಮೇಲೆ ಗಿರಗಿರ ಸುತ್ತಿದೆ.

ಮೇಡಂ ಫೋನು ಹುಡುಕುತ್ತಿದ್ದಾಗ ಪ್ರತೀಕ ನನ್ನ ಬಾಜು ಬಂದ. “ನಾ ಇದ್ದೆ ಅಂತ ಪಾರಾತು, ಬ್ರಾಹ್ಮಿ. ನಿನ್ನಿ ಹೆಪ್ಪು ಕೆಟ್ಟು ಬೆಳ್ಳಗಾಗಿತ್ತು. ಚೆಲ್ಲಿ, ತಾಜಾ ಇನ್ಸುಲಿನ್ ಪುಡಿ ಕಲಸಿಟ್ಟೆ. ನಿನ್ನಿದು ಯಾರರ ಹಾಕ್ತಾರೇನು?”

ನನ್ನ ಸ್ಟೂಲು ನಿಂತಿತು. ನಿನ್ನೆಯ ಮೊಸರನ್ನು ನಮ್ಮನೆಯ ಅಕ್ಕಾತಾಯಿ ಅಜ್ಜಿಯೂ ಮುಟ್ಟಗೊಡುವುದಿಲ್ಲ. ನಮ್ಮ ಜೈನರ ಮನೆಯಲ್ಲಿ ದಿನಾ ಹೊಸದಾಗಿ, ಹಾಲಿಗೆ ಬೆಳ್ಳಿ ನಾಣ್ಯ ಹಾಕಿ ಹೆಪ್ಪು ಕೊಡುವುದು. ಪ್ರತೀಕನೂ ಜೈನನೇ, ಅವನ ಮನೆಯಲ್ಲೂ ಅದೇ ಇರಬೇಕು. ಆದರೆ ಆ ಬಿಳಿಯೇ ಎಳೆಗಳಲ್ಲವೇ! ತಾಜಾ ಪುಡಿಯಲ್ಲಿ ಎಳೆಯೇ ಇಲ್ಲ, ಗೆರೆ ಏರುವುದೆಲ್ಲಿಂದ? ಎಲೆ ಗೆದ್ದೂ ಇಲ್ಲ, ಸೋತೂ ಇಲ್ಲ.

ಹೊಟ್ಟೆಯಿಂದ ನಗು ಉಕ್ಕಿತು.

“ಯಾಕ, ಕುಂದಾ ನೆತ್ತಿಗೇರ್ತೇನು?” ಎಂದ.

“ಪ್ರತೀಕ, ಬಾರೋ, ನಾಳೆ ನಮ್ಮ ಕೆಲಸ ನೋಡಾಕ ಬರೋ ಪುಣೇದವರಿಗೆ ಈಗ ಹೇಳೇ ಬಿಡೂಣು,” ಎಂದು ಮೇಡಂ ನಂಬರು ಒತ್ತತೊಡಗಿದರು. ಪ್ರತೀಕನ ಕಿವಿಗಳು ಕೂಡ ಖುಷಿಯಿಂದ ಕೆಂಪಾಗಿದ್ದವು. ಈಗ ಹೇಳಿದರೆ ಆ ಮುಖ ಬಾಡುತ್ತದೆ. ಹೇಳದಿದ್ದರೆ ನಾಳೆ ಪುಣೆಯವರೆದುರೇ ಬಾಡುತ್ತದೆ. ಎದ್ದು ಹೋಗಿ ಮೇಡಂ ಫೋನಿನ ಮೇಲೆ ಕೈ ಇಟ್ಟೆ.

“ಏನವಾ?” ಎಂದರು.

“ಮೇಡಂ, ಇವತ್ತ ನಾವು ಹೆಪ್ಪ ಹಾಕಿಲ್ಲರೀ.”