ನೆಲಕ್ಕಿಟ್ಟ ಸೆನ್ಸರ್

ಬಂದರಿನ ಊರು ಸಡಾದ ಗುಡ್ಡದ ಮಗ್ಗುಲಲ್ಲಿ ದ್ರಾಕ್ಷಾಯಿಣಿಯ ಗ್ಯಾರೇಜು. ಅಪ್ಪ ವಿಜಯಪುರದಿಂದ ಬಂದರಿನ ಕೂಲಿಗೆಂದು ಬಂದವನು; ಮಗಳು ಇಲ್ಲೇ ಹುಟ್ಟಿ ಕಾರಿನ ವೈರಿಂಗ್ ಕಲಿತಳು. ಶ್ರಾವಣದ ಒಂದು ಮಧ್ಯಾಹ್ನ ಟ್ಯಾಕ್ಸಿಯ ಮೌಲಾಸಾಬ ಬಂದ. ಅವನ ಕಾರಿನ ಚೆಕ್ ಇಂಜಿನ್ ದೀಪ ಆರುತ್ತಿರಲಿಲ್ಲ.

ಸ್ಕ್ಯಾನರಿನಲ್ಲಿ ಕೋಡ್ ಬಂತು: ಪಿ 0325. ನಾಕ್ ಸೆನ್ಸರಿನ ಸರ್ಕಿಟ್ ಕೆಟ್ಟಿದೆ. ಇಂಜಿನ್ನಿನೊಳಗೆ ಬಡಿತ ಎದ್ದರೆ ಕಂಪ್ಯೂಟರಿಗೆ ತಿಳಿಸುವ ಸಣ್ಣ ಭಾಗ ಅದು. ಉಪ್ಪುಗಾಳಿಗೆ ಪಿನ್ನು ಹಸಿರುಗಟ್ಟಿತ್ತು. ಉಜ್ಜಿ, ಹರಿದ ವೈರಿಗೆ ಬೆಸುಗೆ ಹಾಕಿದಳು. ಪರೀಕ್ಷೆಗೆಂದು ಸೆನ್ಸರ್ ಬಿಚ್ಚಿ ಕಲ್ಲುನೆಲದ ಮೇಲಿಟ್ಟು ಮೀಟರ್ ಹಚ್ಚಿದಳು.

ತಟ್ಟಿ ನೋಡುವ ಮೊದಲೇ ಮೀಟರಿನ ಅಂಕಿ ಜಿಗಿಯಿತು. ಮೂರು ಸಲ. ತುಸು ಬಿಟ್ಟು ಮತ್ತೆ ಮೂರು ಸಲ.

"ನೀವೇನರ ಬಡದ್ರೇನ್ರಿ, ಮೌಲಾಸಾಬಣ್ಣ?"

"ಇಲ್ಲ ತಂಗಿ, ಕೈ ಕಟಗೊಂಡು ನಿಂತೇನಿ."

ಸೆನ್ಸರ್ ಎತ್ತಿದಳು: ಸೊನ್ನೆ. ಕೆಳಗಿಟ್ಟಳು: ಮೂರು ಸಲ. ಹೊಸ ಸೆನ್ಸರ್ ಇಟ್ಟರೂ ಅಷ್ಟೇ. ಬಂದರಿನ ಯಂತ್ರವೇನೋ ಎನ್ನಲು ಅಂದು ಮಳೆಗೆ ಲೋಡಿಂಗೇ ನಿಂತಿತ್ತು. ಹಿಂದಿನ ಗೋಡೆಯತ್ತ ಸರಿಸಿದಷ್ಟೂ ಅಂಕಿ ಏರಿತು.

ಗೋಡೆಯಾಚೆ ಒಂಟಿ ಮುದುಕಿ ಹುಲಿಗೆವ್ವನ ಮನೆ. ದ್ರಾಕ್ಷಾಯಿಣಿ ಹೋಗಿ ನೋಡಿದರೆ ಮುದುಕಿ ಹೊಸ್ತಿಲ ಹೊರಗೇ ಕೂತಿದ್ದಳು.

"ಮೂರು ದಿನ ಆತವ್ವಾ, ನೆಲದಾಗಿಂದ ಯಾರೋ ಬಡಿಯಾಕತ್ತಾರ. ಹೇಳಿದ್ರ ಮಂದಿ ನಗತಾರ."

ದ್ರಾಕ್ಷಾಯಿಣಿ ಅವಳ ರಟ್ಟೆ ಹಿಡಿದೆತ್ತಿದಳು. "ಏಳಬೇ ಎವ್ವಾ, ನಮ್ಮ ಮನೀಗೆ ನಡಿ."

ಮೌಲಾಸಾಬ ಕಾರನ್ನು ಮುಖ್ಯ ರಸ್ತೆಗೆ ಒಯ್ದ. ಬಂದು ಮುದುಕಿಯ ಗಂಟುಮೂಟೆ ಹೊತ್ತ. ಸಂಜೆ ಐದಕ್ಕೆ ಗುಡ್ಡ ಜರಿಯಿತು. ಹುಲಿಗೆವ್ವನ ಮನೆ, ಅರ್ಧ ಗ್ಯಾರೇಜು ಕೆಮ್ಮಣ್ಣಿನಡಿ ಹೋದವು. ಯಾರಿಗೂ ಪೆಟ್ಟಾಗಲಿಲ್ಲ. ಗುಡ್ಡದೊಳಗೆ ಬಂಡೆ ಬಿರಿಯುತ್ತಿದ್ದ ಸದ್ದೇ ಅದು ಎಂದರು ಎಲ್ಲರೂ. ದ್ರಾಕ್ಷಾಯಿಣಿಯೂ ನಂಬಿದಳು.

ಮರುದಿನ ಮಣ್ಣಿನಿಂದ ಇಣುಕಿದ ಕಲ್ಲಿನ ಮೇಲೆ ಸೆನ್ಸರ್ ಇಟ್ಟು ನೋಡಿದಳು. ಮೂರು ಸಲ. ತುಸು ಬಿಟ್ಟು, ಮೂರು ಸಲ.

ಯಾರೋ ಒಳಗೆ ಸಿಕ್ಕಿದ್ದಾರೆಂದು ಕೂಗಿದಳು. ಓಣಿಯವರು ತಲೆ ಎಣಿಸಿದರು; ಎಲ್ಲರೂ ಇದ್ದರು. ಆದರೂ ಜೆಸಿಬಿ ತಂದು ಎರಡು ದಿನ ಅಗೆದರು. ಕೆಳಗೆ ಅಖಂಡ ಬಂಡೆ, ಒಂದು ಬಿರುಕೂ ಇಲ್ಲ. ಮೂರನೆಯ ಬೆಳಿಗ್ಗೆ ಮೀಟರ್ ಸೊನ್ನೆಗೆ ನಿಂತಿತು.

ಮೌಲಾಸಾಬನ ಕಾರಿಗೆ ಸೆನ್ಸರ್ ಕೂಡಿಸಿ ಕೋಡ್ ಅಳಿಸಿದಳು. ದೀಪ ಆರಿತು. ಹುಲಿಗೆವ್ವ ಅವಳ ಮನೆಯಲ್ಲೇ ಉಳಿದಿದ್ದಾಳೆ. ನೆಲದ ಮೇಲೆ ಚಾಪೆ ಹಾಸಲು ಇಬ್ಬರಿಗೂ ಮನಸ್ಸಿಲ್ಲ. ಇರುವ ಒಂದೇ ಮಂಚದ ಮೇಲೆ ಒತ್ತಿಕೊಂಡು ಮಲಗುತ್ತಾರೆ.