ಒಂದು ಎತ್ತಿಗೆ ಹನ್ನೊಂದು ಬಟ್ಟಲು

ನಾಲ್ಕು ದೇಶದ ನೀರು ಕುಡಿದವನು ನಾನು ಎಂದು ಪುಟ್ಟಮಾದಪ್ಪ ಸಿಕ್ಕಿದವರಿಗೆಲ್ಲ ಹೇಳುತ್ತಿದ್ದ. ಯಾವ ನಾಲ್ಕು ಎಂದು ಕೇಳಿದರೆ ಬೆರಳು ಮಡಿಸುತ್ತಿದ್ದ. ಜಮೀನಿನ ವ್ಯಾಜ್ಯಕ್ಕೆ ಕೊಯಮತ್ತೂರಿಗೆ ಹೋಗಿದ್ದು ಒಂದು, ಭಾವಮೈದುನನ ಮದುವೆಗೆ ಮೈಸೂರಿಗೆ ಹೋಗಿದ್ದು ಎರಡು, ಎತ್ತು ಕೊಳ್ಳಲು ಸತ್ಯಮಂಗಲಕ್ಕೆ ಹೋಗಿದ್ದು ಮೂರು. ನಾಲ್ಕನೆಯದಕ್ಕೆ ಊರು ಸಾಲದೆ ಕೊಳ್ಳೇಗಾಲವನ್ನೇ ಸೇರಿಸುತ್ತಿದ್ದ. ಐವತ್ತಾರರಲ್ಲಿ ಕೊಳ್ಳೇಗಾಲ ಮದ್ರಾಸಿನಿಂದ ಮೈಸೂರು ರಾಜ್ಯಕ್ಕೆ ಬಂದಾಗ ಅವನು ಜಗಲಿಯ ಮೇಲೆ ಎಲೆ ಅಡಿಕೆ ಹಾಕಿಕೊಂಡು ಕೂತಿದ್ದ. ಕೂತಲ್ಲೇ ದೇಶ ದಾಟಿದ ಗಂಡಸು ಈ ಸೀಮೆಯಲ್ಲಿ ಇನ್ನೊಬ್ಬನಿಲ್ಲ ಎಂಬುದು ಅವನ ವಾದ.

ನಿಜ ಹೇಳಬೇಕೆಂದರೆ ಆ ನಾಲ್ಕು ದೇಶಗಳ ಒಂದು ಗುಟುಕು ನೀರೂ ಅವನ ಗಂಟಲಿಗೆ ಇಳಿದಿರಲಿಲ್ಲ. ಲಿಂಗ ಕಟ್ಟಿದ ಮೈ, ಕಂಡಕಂಡಲ್ಲಿ ಬಾಯಿ ಹಾಕಬಾರದು ಎಂದು ಹೋದಲ್ಲೆಲ್ಲ ಮನೆಯ ನೀರನ್ನೇ ಒಂದು ಹಿತ್ತಾಳೆ ಚೊಂಬಿನಲ್ಲಿ ಹೊತ್ತೊಯ್ಯುತ್ತಿದ್ದ.

ಅವನ ಹೊಲ ಇದ್ದದ್ದು ಒಡೆಯರಪಾಳ್ಯದ ಪಕ್ಕ. ಅಲ್ಲಿಗೆ ಟಿಬೆಟ್ಟಿನವರು ಬಂದು ನೆಲೆಸಿ ಎರಡು ವರ್ಷವಾಗಿತ್ತು. ಊರಿನವರು ಅವರನ್ನು ದೂರದಿಂದ ನೋಡುತ್ತಿದ್ದರು, ಅವರು ದೂರದಿಂದಲೇ ನಗುತ್ತಿದ್ದರು. ನಾಲ್ಕು ದೇಶ ಕಂಡ ಪುಟ್ಟಮಾದಪ್ಪ ಕೂಡ ತನ್ನ ಹೊಲದ ಬದು ದಾಟಿ ಆಚೆ ಕಾಲಿಟ್ಟಿರಲಿಲ್ಲ. ಕೊನೆಗೆ ಅವನನ್ನು ದಾಟಿಸಿದ್ದು ಅವನ ಎತ್ತು ಕೆಂಪ.

ಆ ಆಷಾಢದಲ್ಲಿ ಮಳೆ ಕೈಕೊಟ್ಟು ಕೊಟ್ಟು, ಕಡೆಗೆ ಒಂದು ರಾತ್ರಿ ಚೆನ್ನಾಗಿ ಬಿದ್ದಿತ್ತು. ನೆಲ ಹದಕ್ಕೆ ಬಂದಿತ್ತು. ಇವತ್ತು ರಾಗಿ ಬಿತ್ತಿದರೆ ಉಂಟು, ನಾಳೆಯ ಬಿಸಿಲಿಗೆ ಹದ ಹಾರಿಹೋದರೆ ವರ್ಷದ ಹಿಟ್ಟಿಗೇ ಸಂಚಕಾರ. ಅಂಥ ದಿನ ನೋಡಿಕೊಂಡೇ ಕೆಂಪ ಬೆಳಗಿನ ಜಾವ ಹಗ್ಗ ಹರಿದುಕೊಂಡು, ನೋರ್ಬು ಎಂಬ ಟಿಬೆಟ್ಟಿನ ಮುದುಕನ ಜೋಳದ ಹೊಲಕ್ಕೆ ನುಗ್ಗಿ ಎರಡು ಸಾಲು ನುಣ್ಣಗೆ ಮೇಯ್ದ. ಮುದುಕ ಅವನನ್ನು ಹಿಡಿದು ತನ್ನ ಮನೆ ಮುಂದಿನ ಮರಕ್ಕೆ ಕಟ್ಟಿಹಾಕಿದ್ದಾನೆಂದು ಪಕ್ಕದ ಹೊಲದ ಮಾರಯ್ಯ ಬಂದು ಹೇಳಿದ. ಒಂಟಿ ಎತ್ತಿನಿಂದ ಬಿತ್ತುವ ಕೂರಿಗೆ ಎಳೆಸುವುದು ಹೇಗೆ?

“ಓಗಿ ಬುಡಿಸ್ಕಂಡ್ ಬನ್ನಿ,” ಎಂದಳು ಹೆಂಡತಿ ಚನ್ನಮಲ್ಲಮ್ಮ. “ಆದ್ರೆ ಅಲ್ಲಿ ಯಾನೂ ಕುಡೀಬ್ಯಾಡಿ. ಟೀಗೆ ಉಪ್ಪಾಕ್ತಾರಂತೆ.”

“ನಂಗೇ ಯೋಳ್ಕೊಡ್ತೀಯಾ? ನಾಕು ದೇಸ ಕಂಡಿವ್ನಿ,” ಎಂದು ಅವನು ಚೊಂಬು ತುಂಬಿಸಿಕೊಂಡು ಹೊರಟ. ದಾರಿಯುದ್ದಕ್ಕೂ ಕನ್ನಡದಲ್ಲಿ ಒಂದು, ತಮಿಳಿನಲ್ಲಿ ಒಂದು, ಎರಡು ಜಗಳದ ಮಾತು ಜೋಡಿಸಿಕೊಂಡ.

ಜಗಳಕ್ಕೆ ಅವಕಾಶವೇ ಸಿಗಲಿಲ್ಲ. ನೋರ್ಬು ಎರಡೂ ಕೈ ಹಿಡಿದು ಒಳಗೆ ಕರೆದು ಚಾಪೆಯ ಮೇಲೆ ಕೂರಿಸಿದ. ಅವನಿಗೆ ಬರುತ್ತಿದ್ದದ್ದು ಮೂರೇ ಕನ್ನಡದ ಮಾತು: ಬನ್ನಿ, ಕೂತ್ಕೊಳ್ಳಿ, ಆಮೇಲೆ. ಸರ್ಕಾರಿ ಕಚೇರಿಗಳಿಗೆ ಅಲೆದು ಕಲಿತದ್ದು. ಪುಟ್ಟಮಾದಪ್ಪ ಬಾಗಿಲಾಚೆ ಕೆಂಪನತ್ತ ಕೈ ತೋರಿಸಿದ.

“ಆಮೇಲೆ,” ಎಂದ ನೋರ್ಬು ನಗುತ್ತ.

ಅಷ್ಟರಲ್ಲಿ ಅವನ ಹೆಂಡತಿ ಯಾಂಗ್‌ಜೋಮ್ ಮರದ ಬಟ್ಟಲಿನಲ್ಲಿ ಟೀ ತಂದಳು. ಪುಟ್ಟಮಾದಪ್ಪ “ಬ್ಯಾಡಿ” ಎಂದು ಕೈ ಆಡಿಸಿದ. ಮುದುಕಿ ನಕ್ಕು ಬಟ್ಟಲನ್ನು ಇನ್ನೂ ಹತ್ತಿರ ತಂದಳು. ತನ್ನ ಚೊಂಬು ತೋರಿಸಿ ಮತ್ತೊಮ್ಮೆ “ಬ್ಯಾಡಿ” ಎಂದ. ಮುದುಕಿ ಚೊಂಬನ್ನು ಗೌರವದಿಂದ ಪಕ್ಕಕ್ಕಿಟ್ಟಳು. ಮೂರನೆಯ ಸಲ ಎದೆಯ ಲಿಂಗ ಮುಟ್ಟಿಕೊಂಡು ಅಂಗಲಾಚಿದ. ಮುದುಕಿಯ ಮುಖ ಅರಳಿತು, ಬಟ್ಟಲು ಅವನ ಕೈಗೇ ಬಂತು.

ಆಗ ಅವನಿಗೆ ಹೊಳೆಯಿತು. ಅವನ ಊರಿನಲ್ಲೂ ಇದೇ ಶಾಸ್ತ್ರ. ಮೊದಲ ಸಲಕ್ಕೇ ಹೂಂ ಅನ್ನುವ ನೆಂಟ ಹೊಟ್ಟೆಬಾಕ. ಬೇಡ ಅಂದ ಕೂಡಲೇ ಸುಮ್ಮನಾಗುವ ಮನೆಯವಳು ಜಿಪುಣಿ. ಮರ್ಯಾದಸ್ಥ ಮೂರು ಸಲ ಬೇಡ ಅಂದು ಕುಡಿಯಬೇಕು. ಹಿಮಾಲಯದಾಚೆಯಿಂದ ಬಂದ ಈ ಜನಕ್ಕೂ ಅದೇ ಶಾಸ್ತ್ರವಿದ್ದರೆ, ನಿಜವಾಗಿ ಬೇಡವಾದವನು ಯಾವ ಭಾಷೆಯಲ್ಲಿ ಬೇಡ ಅನ್ನಬೇಕು? ಎತ್ತು ಅವರ ಕೈಲಿದೆ, ಹದ ಆರುತ್ತಿದೆ. ಶಿವಶಿವಾ ಎಂದು ಕಣ್ಣು ಮುಚ್ಚಿ ಹರಳೆಣ್ಣೆ ಕುಡಿದಂತೆ ಒಂದೇ ಗುಟುಕಿಗೆ ಇಳಿಸಿದ. ಅದು ಟೀಯೂ ಅಲ್ಲ, ಸಾರೂ ಅಲ್ಲ. ಉಪ್ಪು, ಮೇಲೆ ತೇಲುವ ಬೆಣ್ಣೆ.

ಬಟ್ಟಲು ಕೆಳಗಿಡುವಷ್ಟರಲ್ಲಿ ಮುದುಕಿ ಮತ್ತೆ ತುಂಬಿಸಿದಳು.

ಈಗ ಇನ್ನೊಂದು ಧರ್ಮಸಂಕಟ. ಕೊಟ್ಟದ್ದನ್ನು ಎಂಜಲು ಬಿಟ್ಟರೆ ಮನೆಯವರಿಗೆ ಅವಮಾನ ಎಂದು ಅವನ ಅವ್ವ ಕಿವಿ ಹಿಂಡಿ ಕಲಿಸಿದ್ದಳು. ಕುಡಿದ. ಬರಿದಾದ ಬಟ್ಟಲು ಮುಂದಿದ್ದರೆ ನೆಂಟನಿಗೆ ಅವಮಾನ ಎಂದು ಯಾಂಗ್‌ಜೋಮಳ ಅವ್ವನೂ ಕಲಿಸಿದ್ದಳೆಂದು ಕಾಣುತ್ತದೆ. ತುಂಬಿಸಿದಳು. ಅವನು ಕುಡಿದ, ಅವಳು ತುಂಬಿಸಿದಳು. ಇಬ್ಬರೂ ಒಳ್ಳೆಯ ಮನೆಯಲ್ಲಿ ಬೆಳೆದವರು, ಹಾಗಾಗಿ ಇಬ್ಬರೂ ಸೋಲುವಂತಿರಲಿಲ್ಲ.

ನಾಲ್ಕನೆಯ ಬಟ್ಟಲಿಗೆ “ಎತ್ತು” ಎಂದ. “ಆಮೇಲೆ,” ಎಂದ ನೋರ್ಬು. ಆರನೆಯದಕ್ಕೆ ಕನ್ನಡದ ಜಗಳ ಮರೆತುಹೋಯಿತು, ಎಂಟನೆಯದಕ್ಕೆ ತಮಿಳಿನದು. ಒಂಬತ್ತಕ್ಕೆ ಮನೆಯ ಬೆಣ್ಣೆ ಮುಗಿದು ಮುದುಕ ನೆರೆಮನೆಯಿಂದ ಸಾಲ ತಂದ. ಬೆಣ್ಣೆಯ ಹಿಂದೆಯೇ ನೆರೆಮನೆಯವರೂ ಬಂದು, ಟೀಯನ್ನು ಇಷ್ಟೊಂದು ಮೆಚ್ಚಿದ ದಕ್ಷಿಣದೇಶದ ಮನುಷ್ಯನನ್ನು ನೋಡುತ್ತ ನಿಂತರು. ಹೊರಗೆ ಬಿಸಿಲು ಏರುತ್ತಿತ್ತು. ಪುಟ್ಟಮಾದಪ್ಪನಿಗೆ ಅಳು ಬರುವಂತಾಗಿತ್ತು.

ಹನ್ನೊಂದನೆಯದು ಇಳಿದು ಹನ್ನೆರಡನೆಯದು ತುಂಬಿದಾಗ ಚನ್ನಮಲ್ಲಮ್ಮ ಬಾಗಿಲಲ್ಲಿ ನಿಂತಿದ್ದಳು. ಹೋದ ಗಂಡ ಇನ್ನೂ ಏಕೆ ಬರಲಿಲ್ಲವೆಂದು ನೋಡಲು ಬಂದವಳು ಅವನ ಹೊಟ್ಟೆ ನೋಡಿದಳು, ಕೈಯಲ್ಲಿನ ಬಟ್ಟಲು ನೋಡಿದಳು.

“ಇದ್ಯಾನ ಇದು?”

“ಮಾತಾಡುಸ್ಬ್ಯಾಡ. ತುಳುಕ್ತದೆ,” ಎಂದ ಅವನು.

ಅವಳಿಗೂ ಬಟ್ಟಲು ಬಂತು. ಮೂರು ಸಲ ಬೇಡ ಅಂದು ತೆಗೆದುಕೊಂಡಳು, ತುಟಿಗೆ ಸೋಕಿಸಿದಳು. ಆದರೆ ಅಷ್ಟರಲ್ಲಿ ಅವಳ ಕಣ್ಣು ಯಾಂಗ್‌ಜೋಮ್ ಸೊಂಟಕ್ಕೆ ಕಟ್ಟಿದ್ದ ಪಟ್ಟೆಪಟ್ಟೆ ಬಟ್ಟೆಯ ಮೇಲೆ ಬಿತ್ತು. ಬಟ್ಟಲನ್ನು ತುಂಬಿದಂತೆಯೇ ನೆಲಕ್ಕಿಟ್ಟು, ಕೊಳ್ಳೇಗಾಲದ ಅಂಗಡಿಯಲ್ಲಿ ಸೀರೆ ನೋಡುವವಳ ಹಾಗೆ ಆ ನೇಯ್ಗೆಯನ್ನು ತಿರುಗಿಸಿ ಮುರುಗಿಸಿ ನೋಡತೊಡಗಿದಳು. ಮುದುಕಿ ಅವಳ ಸೆರಗಿನ ಅಂಚು ಹಿಡಿದುಕೊಂಡಳು. ಒಬ್ಬರ ಮಾತು ಒಬ್ಬರಿಗೆ ತಿಳಿಯದು, ಮಾತು ಮಾತ್ರ ನಿಲ್ಲಲಿಲ್ಲ.

ಪುಟ್ಟಮಾದಪ್ಪ ಹೆಂಡತಿಯ ಬಟ್ಟಲನ್ನೇ ನೋಡಿದ. ಅದು ತುಂಬಿತ್ತು. ಅದಕ್ಕೆ ಯಾರೂ ಏನೂ ಸುರಿಯಲಿಲ್ಲ, ಯಾರಿಗೂ ಅವಮಾನವಾಗಲಿಲ್ಲ. ಮೆಲ್ಲಗೆ ತನ್ನ ಬಟ್ಟಲನ್ನೂ ಹಾಗೆಯೇ ಕೆಳಗಿಟ್ಟ. ನೆಂಟನಿಗೆ ಸಾಕಾಯಿತೆಂದು ಈಗ ತಿಳಿದ ನೋರ್ಬು ಮಂಡಿ ಹಿಡಿದು ಎದ್ದ, “ಬನ್ನಿ” ಎಂದ, ಹೋಗಿ ಕೆಂಪನ ಹಗ್ಗ ಬಿಚ್ಚಿದ. ನಾಲ್ಕು ದೇಶ ಕಂಡವನು ಬೆಳಗಿನಿಂದ ಕಾಣದ್ದನ್ನು, ಬಂಡಳ್ಳಿಯ ತವರಿನಾಚೆ ಎಲ್ಲಿಗೂ ಹೋಗದ ಹೆಂಡತಿ ಒಂದು ಗಳಿಗೆಯಲ್ಲಿ ತೋರಿಸಿಬಿಟ್ಟಿದ್ದಳು.

ಮೇಯ್ದ ಜೋಳಕ್ಕೆ ಏನು ಕೊಡಬೇಕೆಂದು ಸನ್ನೆಯಲ್ಲೇ ಕೇಳಿದ. ಮುದುಕ ತಲೆಯಾಡಿಸಿ ಕೆಂಪನ ಮೂತಿ ಸವರಿದ. ಮೂತಿಯ ತುಂಬ ಉಪ್ಪಿನ ಹರಳು. ತನ್ನ ದೇಶದ ದನಗಳಿಗೆ ಕೊಡುತ್ತಿದ್ದ ಹಾಗೆ ಇವನಿಗೂ ಬೆಳಗಿನಿಂದ ಉಪ್ಪು ನೆಕ್ಕಿಸಿದ್ದ. ಪುಟ್ಟಮಾದಪ್ಪನಿಗೆ ನಾಚಿಕೆಯಾಯಿತು. ಕಣದಲ್ಲಿ ಮೊದಲು ಅಳೆದ ರಾಗಿ ಈ ಮನೆಗೇ ಎಂದು ಮನಸ್ಸಿನಲ್ಲೇ ಅಂದುಕೊಂಡ.

ಹದ ಇನ್ನೂ ಇತ್ತು. ಹೊತ್ತು ಮುಳುಗುವ ಮೊದಲು ಬಿತ್ತನೆ ಮುಗಿಯಿತು. ಸಾಲು ಒಂದಿಷ್ಟು ಅಂಕುಡೊಂಕಾದವು, ಏಕೆಂದರೆ ಕೂರಿಗೆ ಹಿಡಿದವನು ಸಾಲಿಗೊಮ್ಮೆ ಲಂಟಾನಾ ಪೊದೆಯ ಹಿಂದೆ ಓಡಬೇಕಾಗಿತ್ತು.

ರಾಗಿ ಪೈರು ಗೇಣುದ್ದ ಬಂದಾಗ ಕೆಂಪ ಮತ್ತೆ ಕಾಣೆಯಾದ. ಎಲ್ಲಿದ್ದಾನೆಂದು ಯಾರೂ ಬಂದು ಹೇಳಬೇಕಾಗಿರಲಿಲ್ಲ. ಚನ್ನಮಲ್ಲಮ್ಮ ಕೊಟ್ಟಿಗೆಗೆ ಹೋಗಿ ಹಗ್ಗ ನೋಡಿದಳು. ಹಗ್ಗ ಹರಿದಿರಲಿಲ್ಲ. ಗೂಟಕ್ಕೆ ಗಂಟೇ ಹಾಕಿರಲಿಲ್ಲ.

“ರಾತ್ರಿ ಎತ್ತು ಕಟ್ಟಿದ್ದು ಯಾರು?” ಎಂದಳು.

“ಉಪ್ಪು ತಿಂದ ಮನೆ ಕಣಮ್ಮಿ,” ಎಂದ ಪುಟ್ಟಮಾದಪ್ಪ ಅವಳ ಮುಖ ನೋಡದೆ. “ಮರ್ಯಕಾದದಾ?”

“ಯಾರ್ಗೆ? ಕೆಂಪಂಗಾ?”

ಅವನು ಟವೆಲ್ಲು ಹೆಗಲಿಗೆ ಹಾಕಿಕೊಂಡು ಬದುವಿನ ಕಡೆ ಬಿರಬಿರನೆ ನಡೆದ. ನೀರು ತುಂಬಿದ ಹಿತ್ತಾಳೆ ಚೊಂಬು ಜಗಲಿಯ ಮೇಲೆಯೇ ಇತ್ತು.